ಬಸ್ತಿತಿಟ್ಟಿನಲ್ಲಿ ಒಲೆ ಸಿಗಲಿಲ್ಲ

ಪುರಾತತ್ವದ ಕೆಲಸಕ್ಕೆ ಹೊಸದಾಗಿ ಸೇರಿದವರು ಆಗಾಗ ನನ್ನನ್ನು ನೋಡಲು ಬರುತ್ತಾರೆ. ಕಾಫಿ ಕುಡಿಯುತ್ತಾರೆ, ಕಾಲಿಗೆ ನಮಸ್ಕಾರ ಮಾಡುತ್ತಾರೆ, ಆಮೇಲೆ ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಾರೆ: "ಸಾರ್, ನಿಮ್ಮ ಸರ್ವೀಸಿನಲ್ಲಿ ಸಿಕ್ಕ ದೊಡ್ಡ ವಸ್ತು ಯಾವುದು?" ನಾನು ಒಂದು ತಾಮ್ರಪಟದ ಕಥೆಯನ್ನೋ, ಮುರಿದ ವಿಗ್ರಹದ ಕಥೆಯನ್ನೋ ಹೇಳಿ ಕಳಿಸಿಬಿಡುತ್ತೇನೆ. ನೀವು ಕಳೆದದ್ದೇನು ಎಂದು ಇವತ್ತಿನವರೆಗೆ ಯಾರೂ ಕೇಳಿಲ್ಲ. ಕೇಳುವುದೂ ಇಲ್ಲ. ಆದ್ದರಿಂದ ನಿಮ್ಮಂಥ ಹೊಸಬರಿಗೆಂದು ನಾನೇ ಬರೆದಿಡುತ್ತಿದ್ದೇನೆ. ಬಡ್ತಿ ಯಾವಾಗ ಬಂತು, ಯಾವ ಊರಿಗೆ ವರ್ಗವಾಯಿತು ಅನ್ನುವುದನ್ನೆಲ್ಲ ಬಿಟ್ಟಿದ್ದೇನೆ. ಅದು ನನ್ನ ಹೆಂಡತಿಗೂ ನೆನಪಿಲ್ಲ.

ಮೂವತ್ತರ ದಶಕದ ಕೊನೆಯಲ್ಲಿ ನಾನು ಕೆಲಸಕ್ಕೆ ಸೇರಿದಾಗ ಮಂಡ್ಯ, ಮದ್ದೂರು, ಮಳವಳ್ಳಿ ಮೂರನ್ನೂ ನನ್ನ ತಲೆಗೇ ಕಟ್ಟಿದರು. ಒಂದು ಸೈಕಲ್ಲು, ಒಂದು ತಗಡಿನ ಪೆಟ್ಟಿಗೆ. ಊರೂರು ತಿರುಗಿ ಶಾಸನಗಳ ಅಚ್ಚು ತೆಗೆಯುವುದು ಮುಖ್ಯ ಕೆಲಸ. ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿದು ಅಕ್ಷರದ ಗುಳಿಯೊಳಗೆ ಇಳಿಸಿ, ಮೇಲೆ ಮಸಿ ಒತ್ತಿದರೆ ಅಕ್ಷರ ಬೆಳ್ಳಗೆ ಮೂಡುತ್ತದೆ. ಬಂಡೂರಿನಲ್ಲಿ ಹೀಗೆ ಮೂರು ಅಚ್ಚು ತೆಗೆದು ಬೇಲಿಯ ಮೇಲೆ ಒಣಗಲು ಹಾಕಿ ಮಜ್ಜಿಗೆ ಕುಡಿಯಲು ಹೋದೆ. ಬರುವಷ್ಟರಲ್ಲಿ ಊರಿನ ಹೆಸರಾಂತ ಕುರಿಗಳು ಎರಡನ್ನು ತಿಂದು ಮೂರನೆಯದಕ್ಕೆ ಬಾಯಿ ಹಾಕಿದ್ದವು. ಕುರಿ ಕಾಯುತ್ತಿದ್ದ ಮುದುಕ, "ಕಾಗ್ದ ಅಲ್ವಾ ಬುಡಿ ಸೋಮಿ, ಕಲ್ಲೇನ್ ತಿಂದಿಲ್ವಲ್ಲ" ಅಂದ. ಸರಿಯಾದ ಮಾತು. ಕಲ್ಲು ಅಲ್ಲೇ ಇತ್ತು, ಮತ್ತೆ ಅಚ್ಚು ತೆಗೆದೆ. ಈ ಕೆಲಸದಲ್ಲಿ ಮತ್ತೆ ಮಾಡಲು ಬರುವ ತಪ್ಪುಗಳಿವೆ, ಬಾರದವೂ ಇವೆ. ಮಣ್ಣು ಅಗೆಯುವುದು ಎರಡನೆಯ ಜಾತಿಯದು. ಒಂದು ಜಾಗವನ್ನು ಒಂದೇ ಸಲ ಅಗೆಯಬಹುದು.

ಆಗ ನಮ್ಮ ಕಡೆಗೆ ನಾಲೆ ನೀರು ಬಂದ ಹೊಸತು. ರಾಗಿ, ಹುರುಳಿ ಬೆಳೆಯುತ್ತಿದ್ದ ಹೊಲಗಳೆಲ್ಲ ಗದ್ದೆಯಾಗುತ್ತಿದ್ದವು, ಗದ್ದೆಗಳಲ್ಲಿ ಕಬ್ಬು ಏಳುತ್ತಿತ್ತು. ನೀರು ನಿಲ್ಲಬೇಕಾದರೆ ನೆಲ ಮಟ್ಟವಾಗಿರಬೇಕು. ನೂರಾರು ವರ್ಷ ಯಾರೂ ಮುಟ್ಟದಿದ್ದ ತಿಟ್ಟುಗಳನ್ನು ಜನ ಎತ್ತು ಕಟ್ಟಿ ಮಟ್ಟ ಹೊಡೆಯಲು ಶುರು ಮಾಡಿದರು. ಅವರನ್ನು ಬೈಯುವ ಹಾಗಿಲ್ಲ. ಕಣ್ಣೆದುರು ನೀರು ಹರಿಯುವಾಗ ಯಾರು ಸುಮ್ಮನಿರುತ್ತಾರೆ? ನಾನು ಮಾತ್ರ ಕರಗಿದ ಒಂದೊಂದು ತಿಟ್ಟಿನ ಹೆಸರನ್ನೂ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಿದ್ದೆ.

ಮದ್ದೂರಿನಿಂದ ಮಳವಳ್ಳಿಯ ಕಡೆಗೆ ಹೋಗುವಾಗ ದಾರಿಯಿಂದ ಒಳಗೆ ಒಂದು ಊರಿದೆ. ಹೆಸರು ಬೇಡ. ಊರಾಚೆ ಒಂದು ತಿಟ್ಟು, ಜನ ಅದನ್ನು ಬಸ್ತಿತಿಟ್ಟು ಅನ್ನುತ್ತಿದ್ದರು. ಅಲ್ಲಿ ಒಂದು ಸವೆದ ಕಲ್ಲು ನಿಂತಿತ್ತು. ಗಂಗರ ಕಾಲದ ಅಕ್ಷರ. ಒಬ್ಬ ಕಂತಿ ಇಲ್ಲಿ ಉಪವಾಸ ನೋಂತು ದೇಹ ಬಿಟ್ಟಳು, ಜೊತೆಯ ಕಂತಿಯರು ಈ ಕಲ್ಲು ನಿಲ್ಲಿಸಿದರು ಎಂದು ಅದರಲ್ಲಿತ್ತು. ಕಂತಿ ಎಂದರೆ ಹಳಗನ್ನಡದಲ್ಲಿ ಜೈನ ಸನ್ಯಾಸಿನಿ. ಜೊತೆಯ ಕಂತಿಯರು ಎಂದ ಮೇಲೆ ಒಬ್ಬಳಲ್ಲ, ಒಂದು ಗುಂಪೇ ಇತ್ತು. ಸಾವಿರ ವರ್ಷದ ಹಿಂದೆ ನಮ್ಮ ಕಡೆ ಹೆಂಗಸರದೇ ಒಂದು ಮಠ! ಆ ಅಚ್ಚನ್ನು ಓದಿದ ದಿನ ನಾನು ಸೈಕಲ್ ತುಳಿದುಕೊಂಡು ಮದ್ದೂರಿಗೆ ಬಂದದ್ದೇ ಗೊತ್ತಾಗಲಿಲ್ಲ.

ನನ್ನ ಮೇಲಿನ ಅಧಿಕಾರಿಗೆ ಅಚ್ಚು ತೋರಿಸಿದೆ. ಅವರು ಮೈಸೂರಿನವರೇ, ಇಂಗ್ಲೆಂಡಿನಲ್ಲಿ ಓದಿ ಬಂದಿದ್ದರು. ನಾವು ಅವರನ್ನು ಸಾಹೇಬರು ಅನ್ನುತ್ತಿದ್ದೆವು. ಅಚ್ಚು ನೋಡಿ ಅವರು ಕುರ್ಚಿಯಿಂದ ಎದ್ದುಬಿಟ್ಟರು. ವಿದ್ಯಾರ್ಥಿಯಾಗಿದ್ದಾಗ ಅವರು ಅಲ್ಲಿ ಕಡಲ ದಡದ ಗುಡ್ಡದ ಮೇಲೆ ಒಂದು ಹಳೆಯ ಮಠದ ಅಗೆತದಲ್ಲಿ ಒಂದು ಬೇಸಿಗೆ ಕಳೆದಿದ್ದರಂತೆ. ನಮ್ಮಲ್ಲಿ ಗಂಗರು ಆಳುತ್ತಿದ್ದ ಕಾಲಕ್ಕೆ ಅಲ್ಲಿ ಆಂಗ್ಲೋ-ಸ್ಯಾಕ್ಸನ್ ರಾಜರು. ಆ ಮಠದಲ್ಲಿ ಸನ್ಯಾಸಿನಿಯರೂ ಸನ್ಯಾಸಿಗಳೂ ಒಂದೇ ಪೌಳಿಯೊಳಗೆ ಬೇರೆ ಬೇರೆಯಾಗಿ ಇದ್ದರು, ಎಲ್ಲರಿಗೂ ಒಬ್ಬ ಹೆಂಗಸೇ ಯಜಮಾನಿ. ಸಾಹೇಬರ ಚರ್ಮದ ಚೀಲದಲ್ಲಿ ಆ ಮಠದ ನಕ್ಷೆ ಯಾವಾಗಲೂ ಇರುತ್ತಿತ್ತು. "ನೋಡಿ, ಇಲ್ಲಿ ಅಡುಗೆಮನೆ, ಇಲ್ಲಿ ಊಟದ ಮನೆ, ಇಲ್ಲಿ ಸಮಾಧಿಗಳು. ನಮ್ಮ ಬಸ್ತಿತಿಟ್ಟಿನಲ್ಲೂ ಹೀಗೇ ಇರಬೇಕು" ಅಂದರು. ನಾನು ತಲೆಯಾಡಿಸಿದೆ. ನನಗೂ ಅದೇ ಆಸೆ.

ತಿಟ್ಟಿನ ಜಮೀನು ಚಿಕ್ಕೇಗೌಡರದು. ನಾಲೆಯ ಕಾಲುವೆ ಅವರ ಹೊಲದ ಅಂಚಿಗೆ ಬಂದು ನಿಂತಿತ್ತು. ಇಲಾಖೆ ತಿಟ್ಟನ್ನು ಸಂರಕ್ಷಿತ ಪಟ್ಟಿಗೆ ಸೇರಿಸಿದರೆ ಅವರು ಮುಟ್ಟುವ ಹಾಗಿಲ್ಲ. ಸೇರಿಸದಿದ್ದರೆ ಮಳೆಗೆ ಮುಂಚೆ ಮಟ್ಟ ಹೊಡೆಯುತ್ತಾರೆ. ಮಠ ಇತ್ತು ಎಂದು ತೋರಿಸಲು ನಮಗೆ ಒಂದು ಬೇಸಿಗೆ ಸಿಕ್ಕಿತು. ಗೌಡರು ಒಳ್ಳೆಯ ಮನುಷ್ಯರು. ದಿನಾ ಬಂದು ಕಲ್ಲಿನ ಮೇಲೆ ಕೂತು ನೋಡುತ್ತಿದ್ದರು, ಒಂದು ಸಲವೂ ಅಡ್ಡ ಬರಲಿಲ್ಲ.

ಆಗಿನ ಪದ್ಧತಿಯನ್ನು ನಿಮಗೆ ಹೇಳಬೇಕು. ಗೋಡೆ ಹುಡುಕು, ಸಿಕ್ಕಿದರೆ ಗೋಡೆ ಹಿಡಿದು ಹೋಗು. ಅಷ್ಟೇ. ಗಂಡಾಳುಗಳು ಗುದ್ದಲಿಯಿಂದ ಅಗೆಯುತ್ತಾರೆ, ಹೆಣ್ಣಾಳುಗಳು ಮಂಕರಿಯಲ್ಲಿ ಮಣ್ಣು ಹೊತ್ತು ದೂರ ಸುರಿಯುತ್ತಾರೆ. ಕಲ್ಲು, ಇಟ್ಟಿಗೆ, ವಿಗ್ರಹ ಎಂದರೆ ವಸ್ತು, ಉಳಿದದ್ದೆಲ್ಲ ಮಣ್ಣು. ನಾಲ್ಕು ದಿನದಲ್ಲಿ ಒಂದು ಚಿಕ್ಕ ಬಸದಿಯ ಇಟ್ಟಿಗೆಯ ತಳಪಾಯ ಸಿಕ್ಕಿತು. ಮೇಲಿನ ಇಟ್ಟಿಗೆಯನ್ನೆಲ್ಲ ಯಾವ ಕಾಲದಲ್ಲೋ ಕಿತ್ತು ಸಾಗಿಸಿದ್ದರು. ಅದರ ಪಕ್ಕದಲ್ಲಿ ಮಠ ಇರಬೇಕೆಂದು ಅಗೆದೆವು. ಗೋಡೆಯಿಲ್ಲ. ಬರೀ ಮಣ್ಣು. ಅಲ್ಲಲ್ಲಿ ಮಡಕೆಯ ಬಾಯಷ್ಟು ಅಗಲದ ಗುಂಡನೆಯ ಕಪ್ಪು ಕಲೆಗಳು. ಇಲಿ ಬಿಲ ಎಂದು ನಾನೇ ತೀರ್ಮಾನ ಕೊಟ್ಟೆ. ಸಾಲಾಗಿ, ಸಮನಾದ ದೂರದಲ್ಲಿ ಬಿಲ ತೋಡುವ ಇಲಿಗಳು! ಆಗ ಹೊಳೆಯಲಿಲ್ಲ.

ಮಣ್ಣು ಹೊರುವವರಲ್ಲಿ ನಿಂಗವ್ವ ಅಂತ ಒಬ್ಬಳಿದ್ದಳು. ನಲವತ್ತರ ಆಸುಪಾಸು, ಮಾತು ಕಡಿಮೆ. ಒಂದು ಮಧ್ಯಾಹ್ನ ಮಂಕರಿ ಕೆಳಗಿಟ್ಟು ಗುಂಡಿಯ ಬದಿಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು. ಉಗುರಿನಿಂದ ಮಣ್ಣನ್ನು ಕೆರೆಯುತ್ತಿದ್ದಳು.

"ಬುದ್ಧಿ, ವಸಿ ಇಲ್ನೋಡಿ" ಅಂದಳು. "ಇದು ಬರೀ ಮಣ್ಣಲ್ಲ ಕಣ್ ಬುದ್ಧಿ. ಸಾರ್ಸಿರೋ ನೆಲ. ಒಂದ್ರ ಮ್ಯಾಲೊಂದು ಬಳ್ದವ್ರೆ."

ಬಗ್ಗಿ ನೋಡಿದೆ. ದೋಸೆಯ ಮೇಲೆ ದೋಸೆ ಪೇರಿಸಿದ ಹಾಗೆ ತೆಳ್ಳನೆಯ ಗೆರೆಗಳು, ಒಂದು ತಿಳಿ, ಒಂದು ಗಾಢ. ನೋಡಿದೆ ಎನ್ನುವುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಕಾಣಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ಅಷ್ಟು ಹೊತ್ತಿಗೆ ಸಾಹೇಬರು ಎರಡು ಸಲ ಕೂಗಿದ್ದರು, ಬಿಸಿಲು ನೆತ್ತಿ ಸುಡುತ್ತಿತ್ತು, ಗೋಡೆ ಸಿಕ್ಕಿಲ್ಲವೆಂಬ ಸಿಟ್ಟು ಬೇರೆ.

"ಸಾಹೇಬರು ಗೋಡೆ ಎಲ್ಲಿ ಅಂತ ನನ್ನ ಪ್ರಾಣ ತಿಂತಾ ಇದ್ದಾರೆ, ನೀನು ಸಗಣಿ ಸಾರಿಸೋ ಕಥೆ ಹೇಳ್ತಾ ಕೂತಿದ್ದೀಯಾ? ಎದ್ದು ಮಂಕರಿ ಎತ್ತು!" ಎಂದು ಗದರಿದೆ.

"ಆಯ್ತು ಬುಡಿ ಬುದ್ಧಿ, ನಂಗೇನ್ ಗೊತ್ತು" ಎಂದು ಎದ್ದಳು. ಆ ಮಣ್ಣನ್ನೂ ಅವಳೇ ಹೊತ್ತು ಸುರಿದಳು.

ಬೇಸಿಗೆ ಮುಗಿಯುವ ಹೊತ್ತಿಗೆ ಸಾಹೇಬರು ನಕ್ಷೆಯನ್ನು ಕಲ್ಲಿನ ಮೇಲೆ ಹರಡಿಕೊಂಡು ನನ್ನನ್ನು ಕರೆದರು.

"ಅಷ್ಟು ಜನ ಇದ್ದ ಮಠ ಅಂದ್ರೆ ಒಲೆ ಬೇಡವೇನ್ರೀ? ಬೂದಿ ಬೇಡವೇ? ಮಸಿ ಹಿಡಿದ ಒಂದು ಮಡಕೆ ಚೂರು ಸಿಕ್ಕಿದೆಯಾ?"

"ಇಲ್ಲ ಸಾರ್."

"ಬೀಸೋ ಕಲ್ಲು? ಎಲುಬು?"

"ಇಲ್ಲ ಸಾರ್."

"ಸಮಾಧಿ?"

"ಒಂದೂ ಇಲ್ಲ."

ಅವರು ನಕ್ಷೆಯನ್ನು ಮಡಿಸಿ ಚೀಲಕ್ಕೆ ಹಾಕಿದರು. ಮುಖ ಬಾಡಿಹೋಗಿತ್ತು. "ಹಾಗಾದ್ರೆ ಇಲ್ಲಿ ಯಾರೂ ವಾಸವಿರಲಿಲ್ಲ. ಒಂದು ಸಣ್ಣ ಬಸದಿ, ಅಷ್ಟೇ. ವರದಿ ಬರೆದುಬಿಡಿ." ನಾನು ಬರೆದೆ. 'ಬಸ್ತಿತಿಟ್ಟು: ಜನವಸತಿಯ ಕುರುಹಿಲ್ಲ.' ಕೆಳಗೆ ನನ್ನ ರುಜು, ಅದರ ಕೆಳಗೆ ಅವರದು. ಕಂತಿಯರ ಕಲ್ಲನ್ನು ಮಾತ್ರ ಗಾಡಿಯಲ್ಲಿ ಮೈಸೂರಿಗೆ ಸಾಗಿಸಿದೆವು.

ಚಿಕ್ಕೇಗೌಡರು ಬಂದರು. "ಏನಂತೆ ಸೋಮಿ, ಸಿಕ್ತಾ?"

"ಏನೂ ಇಲ್ಲ ಗೌಡ್ರೇ."

"ಅಂಗಾರೆ ಮಟ್ಟ ಒಡುಸ್ಬೋದಾ? ನಾಳಿಕೆ ಬಂದು ಅದೈತೆ ಇದೈತೆ ಅನ್ನಾಕಿಲ್ಲ ತಾನೆ?"

"ಬರವಣಿಗೆಯಲ್ಲೇ ಕೊಡ್ತೀವಿ" ಅಂದೆ. ಗೌಡರು ಕೈ ಮುಗಿದರು. ಅವರ ಕಣ್ಣಲ್ಲಿ ನೀರು ಬಂದಿತ್ತು. ನನಗೂ ಒಂದು ಒಳ್ಳೆಯ ಕೆಲಸ ಮಾಡಿದ ಹಾಗೆನಿಸಿತು ಎಂದರೆ ನಂಬುತ್ತೀರಾ?

ಆ ವರ್ಷವೇ ಯುದ್ಧ ಶುರುವಾಯಿತು. ಫೋಟೋ ತೆಗೆಯಲು ಫಿಲ್ಮಿಲ್ಲ, ಅಗೆತಕ್ಕೆ ಮಂಜೂರಾತಿಯಿಲ್ಲ. ಕೆರಗೋಡಿನಲ್ಲಿ ಒಂದು ವೀರಗಲ್ಲಿನ ಸುತ್ತಳತೆ ತೆಗೆಯಲು ಟೇಪು ಬಿಚ್ಚಿದರೆ, ಸೈನ್ಯಕ್ಕೆ ಆಳು ಹಿಡಿಯಲು ಬಂದಿದ್ದಾರೆಂದು ಬೀದಿಯಲ್ಲಿದ್ದ ಗಂಡಸರೆಲ್ಲ ಕಬ್ಬಿನ ಗದ್ದೆಗೆ ನುಗ್ಗಿದರು. ಒಬ್ಬ ಅಜ್ಜಿ ಮಾತ್ರ ಸೊಂಟಕ್ಕೆ ಕೈ ಕೊಟ್ಟು ನಿಂತು, "ಎದೆ ಅಳ್ಯಾದಾದ್ರೆ ನಂದ್ ಅಳ್ಕಳಪ್ಪ" ಅಂದಳು. ಇಂಥ ನಗುವ ಪ್ರಸಂಗಗಳು ನನ್ನ ಸರ್ವೀಸಿನಲ್ಲಿ ಬೇಕಾದಷ್ಟಿವೆ. ನಿಮಗೆ ಅವೇ ಇಷ್ಟವಾಗುತ್ತವೆ, ಗೊತ್ತು. ಆದರೆ ಅವು ನನ್ನ ಜೊತೆ ಉಳಿಯಲಿಲ್ಲ.

ಯುದ್ಧ ಮುಗಿಯುವ ಹೊತ್ತಿಗೆ ಸಾಹೇಬರು ನಿವೃತ್ತರಾಗಿದ್ದರು. ನಲವತ್ತೇಳರಲ್ಲಿ ಚಿತ್ರದುರ್ಗದ ಕಡೆ ನಡೆದ ಒಂದು ದೊಡ್ಡ ಅಗೆತಕ್ಕೆ, ಹೊಸ ಪದ್ಧತಿ ಕಲಿತು ಬನ್ನಿ ಎಂದು ನನ್ನನ್ನು ಕಳಿಸಿದರು. ಅಲ್ಲಿ ಹೋದ ಮೇಲೆ ನಾನು ಅಷ್ಟು ವರ್ಷ ಮಾಡಿದ್ದು ಕೆಲಸವೇ ಅಲ್ಲ ಎಂದು ತಿಳಿಯಿತು. ನೆಲವನ್ನು ಚೌಕ ಚೌಕವಾಗಿ ಭಾಗ ಮಾಡಿ, ನಡುನಡುವೆ ಒಂದೊಂದು ಒಡ್ಡನ್ನು ಅಗೆಯದೆ ಬಿಡುತ್ತಾರೆ. ಆ ಒಡ್ಡಿನ ಬದಿಯಲ್ಲಿ ಮಣ್ಣಿನ ಪದರಗಳನ್ನು ಓದಿ, ಚೀಟಿ ಸಿಕ್ಕಿಸಿ, ಒಂದೊಂದು ಪದರವನ್ನೂ ಬೇರೆ ಬೇರೆಯಾಗಿ ಬಿಡಿಸುತ್ತಾರೆ. ಗೋಡೆ ಬೆನ್ನಟ್ಟುವುದು ಅಲ್ಲಿ ಬೈಗುಳದ ಮಾತು.

ಎರಡನೆಯ ವಾರ ನಮಗೆ ಕಲಿಸುವವರು ಒಂದು ಗುಂಡನೆಯ ಕಪ್ಪು ಕಲೆಯನ್ನು ತೋರಿಸಿ, ಇದು ಮರದ ಕಂಬ ನೆಟ್ಟ ಕುಳಿ ಎಂದರು. ಕಂಬ ಗೆದ್ದಲು ಹತ್ತಿ ಕೊಳೆತು ಮಣ್ಣಾಗುತ್ತದೆ, ಕುಳಿಯ ಬಣ್ಣ ಮಾತ್ರ ಉಳಿಯುತ್ತದೆ. ಇಂಥ ಕುಳಿಗಳು ಸಾಲಾಗಿದ್ದರೆ ಅದೇ ಮನೆ. ಆಮೇಲೆ ಅವರು ಗೋಡೆ ಬೆನ್ನಟ್ಟಿ ಕೆಟ್ಟುಹೋದ ಅಗೆತಗಳ ಉದಾಹರಣೆ ಕೊಡುತ್ತ ಹೋದರು. ಇಂಗ್ಲೆಂಡಿನ ಕಡಲ ದಡದ ಒಂದು ಆಂಗ್ಲೋ-ಸ್ಯಾಕ್ಸನ್ ಮಠದ ಮಾತೂ ಬಂತು. ಅಲ್ಲಿ ಕಲ್ಲು ಸಿಕ್ಕಿದ ಕಡೆ ಮಾತ್ರ ನೋಡಿ, ಮರದ ಗುಡಿಸಲುಗಳನ್ನೆಲ್ಲ ಮಣ್ಣೆಂದು ಎಸೆದಿದ್ದರಂತೆ. ಹೆಸರು ಕೇಳಿದ ಕೂಡಲೇ ಗುರುತು ಸಿಕ್ಕಿತು, ಸಾಹೇಬರ ಚೀಲದಲ್ಲಿದ್ದ ಮಠವೇ ಅದು. ನಾವು ಗುರುವೆಂದು ನಂಬಿದ ನಕ್ಷೆಯೇ ಅರ್ಧ ಮಠವನ್ನು ನುಂಗಿಕೊಂಡಿತ್ತು.

ನನ್ನ ಜೊತೆ ಪದ್ಮರಾಜು ಎಂಬ ನಕ್ಷೆಗಾರರಿದ್ದರು, ಜೈನರು, ಬಹಳ ಸಾಧು. ಸಂಜೆ ಡೇರೆಯ ಮುಂದೆ ಕೂತಾಗ ಅವರಿಗೆ ಬಸ್ತಿತಿಟ್ಟಿನ ಕಥೆಯನ್ನೆಲ್ಲ ಹೇಳಿದೆ. ಕಂಬದ ಕುಳಿಗಳು ಇದ್ದರೂ ಮಠವಾಗಿರಲಾರದು, ಒಲೆಯೇ ಇರಲಿಲ್ಲವಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಪದ್ಮರಾಜು ನನ್ನ ಮುಖವನ್ನೇ ನೋಡಿದರು. "ಒಲೆ ಇಲ್ಲ ಅಂತ ಮಠ ಅಲ್ಲ ಅಂದ್ರಾ? ನಮ್ಮ ತಂದೆಯ ಸೋದರತ್ತೆ ದೀಕ್ಷೆ ತಗೊಂಡಿದ್ರು ಕಣ್ರೀ. ಆಮೇಲೆ ಸಾಯೋವರೆಗೂ ಬೆಂಕಿ ಮುಟ್ಟಲಿಲ್ಲ. ದಿನಕ್ಕೊಂದು ಸಲ ಊರಿನ ಗೃಹಸ್ಥ ಶ್ರಾವಕರ ಮನೇಲಿ ಆಹಾರ, ಅದೂ ಬೊಗಸೇಲಿ. ಅವರು ಇರೋ ಕಡೆ ಒಲೆ ಯಾಕಿರುತ್ತೆ? ಎಲುಬು ಎಲ್ಲಿಂದ ಬರುತ್ತೆ?"

"ಸಮಾಧಿ?"

"ಸುಡ್ತಾರಲ್ಲ. ಒಲೆ ಸಿಕ್ಕಿದ್ರೆ ನೀವು ಅನುಮಾನ ಪಡಬೇಕಿತ್ತು. ಸಿಗದೆ ಇದ್ದದ್ದೇ ಸಾಕ್ಷಿ." ಆಮೇಲೆ ಇನ್ನೊಂದು ಮಾತು ಹೇಳಿದರು. "ಮಳೆಗಾಲದ ನಾಲ್ಕು ತಿಂಗಳು ಅವರು ಒಂದೇ ಕಡೆ ನಿಲ್ತಾರೆ. ಅದಕ್ಕೆ ಮುಂಚೆ ಊರ ಹೆಂಗಸರು ಹೋಗಿ ನೆಲ ಸಾರಿಸಿ ಬರೋರಂತೆ. ನಮ್ಮಜ್ಜಿ ಹೇಳೋರು."

ನಾನು ಎದ್ದು ಡೇರೆಯ ಹಿಂದಕ್ಕೆ ಹೋದೆ. ವರ್ಷಕ್ಕೊಂದು ಸಲ ಸಾರಿಸಿದ ನೆಲ. ಒಂದೊಂದು ಗೆರೆಯೂ ಒಂದೊಂದು ಮಳೆಗಾಲ. ಎಣಿಸಿದ್ದರೆ ಎಷ್ಟು ವರ್ಷ ಆ ಹೆಂಗಸರು ಅಲ್ಲಿದ್ದರು ಎಂದು ಹೇಳಬಹುದಿತ್ತು. ಅದನ್ನು ಉಗುರಿನಲ್ಲಿ ಕೆರೆದು ತೋರಿಸಿದವಳಿಗೆ ನಾನು ಮಂಕರಿ ಎತ್ತು ಅಂದಿದ್ದೆ.

ಅಗೆತ ಮುಗಿದ ಕೂಡಲೇ ರಜೆ ಹಾಕಿ ಮದ್ದೂರಿನ ಬಸ್ಸು ಹತ್ತಿದೆ. ಸ್ವಾತಂತ್ರ್ಯ ಬರಲು ಎರಡು ಮೂರು ತಿಂಗಳಿತ್ತು, ಬಸ್ಸಿನ ತುಂಬ ಅದೇ ಮಾತು. ನನ್ನ ತಲೆಯಲ್ಲಿ ಒಂದೇ ಲೆಕ್ಕಾಚಾರ: ತಿಟ್ಟಿನ ಒಂದು ಮೂಲೆ ಉಳಿದಿದ್ದರೂ ಸಾಕು, ನಾಲ್ಕು ಅಡಿಯ ಒಡ್ಡು ಸಿಕ್ಕಿದರೂ ಸಾಕು.

ಬಸ್ತಿತಿಟ್ಟಿನ ಜಾಗದಲ್ಲಿ ಎದೆಮಟ್ಟ ಕಬ್ಬಿತ್ತು. ಕಾಲುವೆಯ ನೀರು ಸದ್ದಿಲ್ಲದೆ ಹರಿಯುತ್ತಿತ್ತು. ಚಿಕ್ಕೇಗೌಡರು ನನ್ನನ್ನು ಗುರುತು ಹಿಡಿದು ಓಡಿ ಬಂದರು.

"ನಿಮ್ ಪುಣ್ಯ ಕಣ್ ಸೋಮಿ. ಅವತ್ತು ನೀವು ಬರ್ಕೊಟ್ಟುದ್ಕೆ ನಾವ್ ನಾಕ್ ಜನ ಉಂಡೊ."

"ಎಲ್ಲಾದರೂ ಒಂದು ಮೂಲೆ ಬಿಟ್ಟಿದ್ದೀರಾ ಗೌಡ್ರೇ? ಬೇಲಿ ಸಾಲು, ಮರದ ಬುಡ, ಎಲ್ಲಾದರೂ?"

"ಯಾಕ್ ಬುಡಾನೆ? ಏನೂ ಇಲ್ಲ ಅಂದ್ರಲ್ಲ ನೀವೇ. ಎಲ್ಡಾಳುದ್ದ ಕಡ್ದು ಮಟ್ಟ ಮಾಡ್ಸಿವ್ನಿ."

ಅವರ ಮುಖದಲ್ಲಿ ಭಯ ಕಂಡಿತು. ಜಮೀನು ವಾಪಸು ಕೇಳಲು ಬಂದನೇನೋ ಅಂದುಕೊಂಡಿರಬೇಕು. ಇಲ್ಲ, ಸುಮ್ಮನೆ ಬಂದೆ ಎಂದು ಹೇಳಿ ನಿಂಗವ್ವನ ಮನೆ ಕೇಳಿಕೊಂಡು ಹೋದೆ. ಮುದುಕಿಯಾಗಿದ್ದಳು. ಜಗುಲಿಯ ಮೇಲೆ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದವಳು ಎದ್ದು ನಿಂತಳು. ಕೂತುಕೊ ಎಂದು ನಾನೂ ಅಲ್ಲೇ ಕೂತೆ.

"ಆ ಮಣ್ಣು ಏನಾಯ್ತು ನಿಂಗವ್ವ? ನೀನು ತೋರಿಸಿದೆಯಲ್ಲ, ಸಾರಿಸಿದ ನೆಲದ್ದು?"

"ಒಳ್ಳೆ ಅಂಟ್ ಮಣ್ಣು ಬುದ್ಧಿ ಅದು. ಊರ್ ಹೆಂಗುಸ್ರೆಲ್ಲ ಒತ್ಕೊಂಡೋಗಿ ಒಲೆ ಆಕ್ಕೊಂಡೊ. ನಮ್ಮನೇಲೂ ಅದೇಯ."

ನನಗೆ ನಗು ಬಂತೋ ಅಳು ಬಂತೋ ಹೇಳಲಾರೆ. ಕೊನೆಗೆ, "ಅವತ್ತು ಆ ಗೆರೆ ಎಷ್ಟಿದ್ದವು ಅಂತ ನೆನಪಿದೆಯಾ?" ಎಂದು ಕೇಳಿದೆ. ಹುಚ್ಚು ಪ್ರಶ್ನೆ.

ಅವಳು ಯೋಚನೆಯನ್ನೇ ಮಾಡಲಿಲ್ಲ. "ಅನ್ನೊಂದ್ ಎಣ್ಸಿದ್ದೆ. ಕೆಳೀಕ್ ಇನ್ನೂ ಬೋ ಇದ್ದೊ. ಅಷ್ಟ್ರಲ್ಲಿ ನೀವ್ ಗದ್ರುಸ್ಬುಟ್ರಿ. ಎದ್ಬುಟ್ಟೆ."

ಹನ್ನೊಂದು. ಆ ಮಠದ ಬಗ್ಗೆ ಈ ಲೋಕಕ್ಕೆ ಗೊತ್ತಿರುವುದು ಅಷ್ಟೇ. ಮೈಸೂರಿಗೆ ಬಂದವನೇ ಹೊಸ ವರದಿ ಬರೆಯಲು ಕೂತೆ. ಹಳೆಯ ವರದಿ ತಪ್ಪೆಂದು, ಕಂಬದ ಕುಳಿಗಳನ್ನು ಇಲಿ ಬಿಲವೆಂದು ನಾನೇ ಎಸೆದೆನೆಂದು, ಒಲೆಯಿಲ್ಲದ್ದೇ ಆಧಾರವೆಂದು, ನೆಲದಲ್ಲಿ ಕನಿಷ್ಠ ಹನ್ನೊಂದು ಪದರಗಳಿದ್ದವೆಂದು ಎಲ್ಲವನ್ನೂ ಬರೆದು ಹೊಸ ಸಾಹೇಬರ ಮುಂದಿಟ್ಟೆ. ಇವರು ಹೊಸ ಪದ್ಧತಿ ಅರೆದು ಕುಡಿದವರು. ಪೂರ್ತಿ ಓದಿದರು.

"ಪದರದ ನಕ್ಷೆ ಎಲ್ಲಿ?"

"ಇಲ್ಲ ಸಾರ್."

"ಫೋಟೋ? ಮಣ್ಣಿನ ಮಾದರಿ?"

"ಇಲ್ಲ. ಮಣ್ಣು ಹೊತ್ತ ಹೆಂಗಸು ಎಣಿಸಿದ್ದಳು. ನಾನೂ ಕಣ್ಣಾರೆ ನೋಡಿದ್ದೆ."

"ಎಂಟು ವರ್ಷದ ಮೇಲೆ ಒಬ್ಬ ಕೂಲಿ ಹೆಂಗಸಿನ ಬಾಯಿಮಾತು. ಇದನ್ನ ಅಚ್ಚು ಹಾಕಿದ್ರೆ ನಮ್ಮನ್ನ ಯಾರಾದ್ರೂ ಗಂಭೀರವಾಗಿ ತಗೋತಾರೇನ್ರೀ?" ಎಂದು ಕಾಗದವನ್ನು ನನ್ನ ಕಡೆ ಸರಿಸಿದರು. ಅವರದು ಸರಿ. ಆ ಪದ್ಧತಿಯನ್ನು ನಾನೂ ಕಲಿತು ಬಂದಿದ್ದೆ. ಆಧಾರವಿಲ್ಲದ್ದನ್ನು ಬರೆಯಬಾರದು, ಇವತ್ತು ನಿಮಗೂ ಅದನ್ನೇ ಹೇಳುತ್ತೇನೆ. ಆಧಾರವನ್ನು ಮಂಕರಿಯಲ್ಲಿ ತುಂಬಿ ಎಸೆದವನು ಏನು ಹೇಳಬೇಕು ಅನ್ನುವುದು ಮಾತ್ರ ಯಾವ ಪದ್ಧತಿಯಲ್ಲೂ ಇಲ್ಲ.

ನಾನು ವಾದಿಸಬಹುದಿತ್ತು. ಮೇಲಿನವರಿಗೆ ಬರೆಯಬಹುದಿತ್ತು, ಪತ್ರಿಕೆಗೆ ಬರೆಯಬಹುದಿತ್ತು, ಪದ್ಮರಾಜುವನ್ನು ಕರೆದು ಸಾಕ್ಷಿ ಹೇಳಿಸಬಹುದಿತ್ತು. ಏನೂ ಮಾಡಲಿಲ್ಲ. ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡೆ. ಆ ವರ್ಷ ಮೂರು ತಾಲ್ಲೂಕುಗಳ ಪ್ರಾಚೀನ ಸ್ಥಳಗಳ ಹೊಸ ಪಟ್ಟಿ ತಯಾರಾಗುತ್ತಿತ್ತು. ನನ್ನ ಕೈಬರಹ ಚೆನ್ನಾಗಿದೆಯೆಂದು ಮೂಲ ಪ್ರತಿ ಬರೆಯಲು ನನಗೇ ಕೊಟ್ಟರು. ಮದ್ದೂರಿನ ಸ್ಥಳಗಳು ಮುಗಿಯುತ್ತ ಬಂದಾಗ ಪೆನ್ನನ್ನು ಮತ್ತೆ ಮಸಿಯಲ್ಲಿ ಅದ್ದಿದೆ. ಆಮೇಲೆ, 'ಬಸ್ತಿತಿಟ್ಟು: ಜನವಸತಿಯ ಕುರುಹಿಲ್ಲ' ಎಂದು ಬರೆದೆ. ನೀವೆಲ್ಲ ಇವತ್ತಿಗೂ ನೋಡುವ ಪಟ್ಟಿ ಅದೇ. ಮೊದಲನೆಯ ಸಲ ಗೊತ್ತಿಲ್ಲದೆ ಬರೆದಿದ್ದೆ. ಎರಡನೆಯ ಸಲ ಗೊತ್ತಿದ್ದೇ ಬರೆದೆ.